ಮೂಳೆಯ ಕರಡಚ್ಚು

(ಬಾನುಲಿ ಭಾಷಣದ ಪಠ್ಯ)



ಭಾಗವತದ ದಶಮಸ್ಕಂಧದಲ್ಲಿ ಬರುವ ಕುಬ್ಜೆಯ ಕಥೆ ನಿಮಗೆಲ್ಲ ತಿಳಿದದ್ದೇ. ಮಥುರೆಯ ಬೀದಿಯಲ್ಲಿ ಕಂಸನ ಅರಮನೆಗೆ ಗಂಧಾನುಲೇಪನಗಳನ್ನು ಹೊತ್ತು ಹೋಗುತ್ತಿದ್ದ, ಮೂರು ಕಡೆ ಬಾಗಿದ್ದ ಆ ಹೆಣ್ಣಿನ ಪಾದಗಳನ್ನು ಕೃಷ್ಣನು ತನ್ನ ಪಾದಗಳಿಂದ ಒತ್ತಿ ಹಿಡಿದು, ಗಲ್ಲದ ಕೆಳಗೆ ಎರಡು ಬೆರಳುಗಳನ್ನಿಟ್ಟು ಮೇಲಕ್ಕೆತ್ತಿದನಂತೆ. ಆ ಕ್ಷಣದಲ್ಲೇ ಅವಳು ನೆಟ್ಟಗಾದಳಂತೆ. ಪಾಠ ಹೇಳುತ್ತಿದ್ದ ಕಾಲದಲ್ಲಿ ಈ ಪ್ರಸಂಗವನ್ನು ನಾನು ಭಗವಂತನ ಕರುಣೆಗೆ ದೃಷ್ಟಾಂತವೆಂದಷ್ಟೇ ವಿವರಿಸುತ್ತಿದ್ದೆ. ಈಚೆಗೆ ಮತ್ತೆ ಓದಿದಾಗ ಬೇರೊಂದು ಸಂಗತಿ ಕಣ್ಣಿಗೆ ಬಿತ್ತು. ಕೆಳಗಿನ ತುದಿಯನ್ನು ಅಲುಗದಂತೆ ಹಿಡಿದು ಮೇಲಿನ ತುದಿಯನ್ನು ಎಳೆಯಬೇಕೆಂಬುದು ಮೂಳೆ ಕಟ್ಟುವವರೆಲ್ಲರೂ ಬಲ್ಲ ಕ್ರಮ. ಕಥೆ ಹೇಳಿದ ಕವಿಯೂ ಆ ಕೆಲಸವನ್ನು ಎಲ್ಲಿಯೋ ಕಣ್ಣಾರೆ ಕಂಡಿದ್ದನೇನೋ ಎನಿಸಿತು.

ಕೃಷ್ಣನಿಗೆ ಅದು ಕ್ಷಣದ ಕೆಲಸ. ಮನುಷ್ಯರಿಗೆ ಮಾತ್ರ ಸೊಟ್ಟಗಾದ ಮೂಳೆಯನ್ನು ನೆಟ್ಟಗೆ ಮಾಡುವುದು ಎಂದೂ ಸುಲಭವಾಗಿರಲಿಲ್ಲ. ಈ ಕೆಲಸಕ್ಕೆ ನಮ್ಮ ಕಾಲದಲ್ಲಿ ಒದಗಿಬಂದಿರುವ ಒಂದು ಹೊಸ ನೆರವು ಮೂರು ಆಯಾಮದ ಮುದ್ರಣ. ಅದರ ವಿಷಯವಾಗಿ ಇಂದು ನಾಲ್ಕು ಮಾತು ಹೇಳಬೇಕೆಂದಿದ್ದೇನೆ. ಕನ್ನಡ ಪಾಠ ಹೇಳಿ ನಿವೃತ್ತನಾದವನಿಗೆ ಶಸ್ತ್ರವೈದ್ಯದ ಗೊಡವೆ ಏಕೆಂದು ನೀವು ಕೇಳಬಹುದು. ಅದಕ್ಕೆ ಕಾರಣ ನನ್ನ ಅಕ್ಕನ ಎಡಗೈ.

ಅಕ್ಕ ನನಗಿಂತ ಆರು ವರ್ಷಕ್ಕೆ ಹಿರಿಯಳು. ಅವಳಿಗೆ ಏಳು ವರ್ಷವಾಗಿದ್ದಾಗ, ಎಂದರೆ 1959ರಲ್ಲಿ, ಹಿತ್ತಿಲ ಹುಲ್ಲಿನ ಮೆದೆಯಿಂದ ಜಾರಿಬಿದ್ದು ಎಡಗೈಯ ಮೂಳೆ ಮೊಣಕೈಗೆ ಸ್ವಲ್ಪ ಮೇಲೆ ಮುರಿಯಿತು. ಹತ್ತಿರದಲ್ಲಿ ಆಸ್ಪತ್ರೆಯಿರಲಿಲ್ಲ. ಪಕ್ಕದ ಊರಿನಲ್ಲಿ ಮೂಳೆ ಕಟ್ಟುವವರೊಬ್ಬರಿದ್ದರು. ಅವರು ಬಂದು, ಕೈಯನ್ನು ಎಳೆದು ಕೂಡಿಸಿ, ಮೊಟ್ಟೆಯ ಬಿಳಿಯನ್ನೂ ಉದ್ದಿನ ಹಿಟ್ಟನ್ನೂ ಕಲಸಿ ಬಳಿದು, ಬಿದಿರಿನ ದಬ್ಬೆಗಳನ್ನಿಟ್ಟು ಬಟ್ಟೆ ಸುತ್ತಿದರು. ಮೂಳೆ ಕೂಡಿತು, ನೋವು ಹೋಯಿತು, ಕೈಯನ್ನು ಮಡಿಸಲೂ ಚಾಚಲೂ ಬಂದಿತು. ಆದರೆ ಚಾಚಿದ ಕೈ ಮೊಣಕೈಯಿಂದ ಕೆಳಗೆ ಒಳಮುಖವಾಗಿ ವಾಲಿ ನಿಂತಿತು. ನನಗೆ ಬುದ್ಧಿ ತಿಳಿಯುವ ಹೊತ್ತಿಗೆ ಅದು ಹಾಗೆಯೇ ಇತ್ತಾದ್ದರಿಂದ, ಅಕ್ಕಂದಿರ ಕೈ ಇರುವುದೇ ಹಾಗೆ ಎಂದು ನಾನು ನಂಬಿದ್ದೆ. ಅದೊಂದು ಕುಂದು ಎಂದು ನನಗೆ ಅರಿವಾದದ್ದು ಗಂಡಿನ ಕಡೆಯವರು ಅವಳನ್ನು ನೋಡಲು ಬರತೊಡಗಿದಾಗ. ಎರಡು ಕೈಯಲ್ಲಿ ಕಾಫಿಯ ತಟ್ಟೆ ಹಿಡಿದು ಬಂದರೆ ಕೈಯ ಸೊಟ್ಟ ಕಾಣುತ್ತದೆಂದು ಅಮ್ಮ ತಾನೇ ತಟ್ಟೆ ಹಿಡಿದು ಬರುತ್ತಿದ್ದಳು. ಮೂರು ಸಂಬಂಧಗಳು ಬಂದ ದಾರಿಯಲ್ಲೇ ಹಿಂತಿರುಗಿದವು. ಕೊನೆಗೆ ಮದುವೆಯೇನೋ ಆಯಿತು. ಒಳ್ಳೆಯ ಮನೆಯೇ ಸಿಕ್ಕಿತು. ಆದರೆ ಅವಳ ಮದುವೆಯ ಚಿತ್ರದಲ್ಲಿ ಎಡಗೈ ಸೆರಗಿನೊಳಗಿದೆ. ಅನಂತರದ ಯಾವ ಚಿತ್ರದಲ್ಲಿಯೂ ಅದು ಹೊರಗೆ ಬಂದದ್ದನ್ನು ನಾನು ಕಾಣೆ.

ಈ ಸೊಟ್ಟ ಎಂಥದು ಎಂಬುದನ್ನು ತಿಳಿಯಲು ನೀವು ಕುಳಿತಲ್ಲಿಯೇ ಒಂದು ಚಿಕ್ಕ ಪರೀಕ್ಷೆ ಮಾಡಿ ನೋಡಬಹುದು. ಎದ್ದು ನಿಂತು, ಅಂಗೈ ಮುಂದಾಗುವಂತೆ ಎರಡು ಕೈಗಳನ್ನೂ ಪಕ್ಕಕ್ಕೆ ಇಳಿಬಿಡಿ. ಮೊಣಕೈಯಿಂದ ಕೆಳಗಿನ ಭಾಗ ಮೈಯಿಂದ ತುಸು ಹೊರಕ್ಕೆ, ಸುಮಾರು ಹತ್ತು ಡಿಗ್ರಿಯ ಆಸುಪಾಸು, ವಾಲಿರುವುದು ಕಾಣುತ್ತದೆ. ಬಿಂದಿಗೆಯನ್ನು ಹಿಡಿದು ನಡೆಯುವಾಗ ಅದು ತೊಡೆಗೆ ಬಡಿಯದಿರಲು ಈ ವಾಲು ನೆರವಾಗುತ್ತದೆ. ವೈದ್ಯರು ಇದಕ್ಕೆ ಹೊರೆ ಹೊರುವ ಕೋನವೆಂಬ ಅರ್ಥದ ಹೆಸರನ್ನೇ ಇಟ್ಟಿದ್ದಾರೆ. ಮಕ್ಕಳು ಕೈಯೂರಿ ಬಿದ್ದಾಗ ಮೊಣಕೈಯ ಮೇಲ್ಗಡೆ, ಮೂಳೆ ತೆಳುವಾಗಿರುವ ಕಡೆ, ಮುರಿಯುವುದು ಬಹು ಸಾಮಾನ್ಯ. ಆ ತುಂಡು ಒಳಕ್ಕೆ ವಾಲಿ ಕೂಡಿಕೊಂಡರೆ ಹೊರಗಿದ್ದ ಕೋನ ಒಳಗಿನ ಕೋನವಾಗುತ್ತದೆ. ಕೈ ಬಂದೂಕಿನ ಹಿಡಿಯಂತೆ ಕಾಣುತ್ತದೆ.

ಎಳೆಯ ಮೂಳೆ ಬೆಳೆಯುತ್ತ ಬೆಳೆಯುತ್ತ ತನ್ನ ಸೊಟ್ಟವನ್ನು ತಾನೇ ತಿದ್ದಿಕೊಳ್ಳುವ ಶಕ್ತಿಯುಳ್ಳದ್ದು ನಿಜ. ಆದರೆ ತೋಳಿನ ಮೂಳೆ ಉದ್ದಕ್ಕೆ ಬೆಳೆಯುವುದು ಹೆಚ್ಚಾಗಿ ಹೆಗಲಿನ ಕಡೆಯಿಂದ. ಮೊಣಕೈಯ ಕಡೆ ಆಗುವುದು ಬೆಳವಣಿಗೆಯ ಐದರಲ್ಲಿ ಒಂದು ಪಾಲು ಮಾತ್ರ. ಆದ್ದರಿಂದ ಅಲ್ಲಿ ಉಳಿದ ಪಕ್ಕವಾಲು ಬಹುಮಟ್ಟಿಗೆ ಬಾಳಿನುದ್ದಕ್ಕೂ ಉಳಿಯುತ್ತದೆ. ಇದು ಬರಿಯ ನೋಟದ ಕುಂದು, ಕೆಲಸಕ್ಕೆ ಅಡ್ಡಿಯಿಲ್ಲ ಎಂದು ವೈದ್ಯರೇ ಬಹುಕಾಲ ಸಮಾಧಾನ ಹೇಳುತ್ತಿದ್ದರು. 2001ರಲ್ಲಿ ಪ್ರಕಟವಾದ ಒಂದು ಅಧ್ಯಯನವು, ಇಂಥ ಮೊಣಕೈ ಹತ್ತಾರು ವರ್ಷಗಳ ಮೇಲೆ ಸಡಿಲಗೊಂಡು ಅಸ್ಥಿರವಾಗಬಹುದೆಂದು ತೋರಿಸಿತು. ಮೊಣಕೈಯ ಹಿಂದೆ ಹಾದುಹೋಗುವ ನರವು ಎಳೆತಕ್ಕೊಳಗಾಗಿ ಕಿರುಬೆರಳು ಜೋಮು ಹಿಡಿಯುವುದೂ ಉಂಟು. ಅಕ್ಕನಿಗೆ ಐವತ್ತೈದು ದಾಟಿದ ಮೇಲೆ ಕಿರುಬೆರಳಿನಲ್ಲಿ ಸ್ಪರ್ಶ ಮಂಕಾಯಿತು. ವಯಸ್ಸಿನ ದೋಷವೆಂದು ಅವಳೂ ತಿಳಿದಳು, ನಾವೂ ತಿಳಿದೆವು.

ತಪ್ಪಾಗಿ ಕೂಡಿದ ಮೂಳೆಯನ್ನು ತಿದ್ದುವ ದಾರಿ ಒಂದೇ: ಅದನ್ನು ಮತ್ತೆ ಮುರಿಯುವುದು. ಇದು ಹೊಸ ಮಾತಲ್ಲ. ಸುಶ್ರುತಸಂಹಿತೆಯ ಚಿಕಿತ್ಸಾಸ್ಥಾನದಲ್ಲಿಯೇ ಈ ಉಪದೇಶವಿದೆ. ವಿಷಮವಾಗಿ ಕೂಡಿದ ಮೂಳೆಯನ್ನು ಪುನಃ ಮುರಿದು, ಸಮಗೊಳಿಸಿ, ಹೊಸದಾಗಿ ಮುರಿದದ್ದಕ್ಕೆ ಮಾಡುವ ಚಿಕಿತ್ಸೆಯನ್ನೇ ಮಾಡಬೇಕೆಂದು ಸುಶ್ರುತ ಹೇಳುತ್ತಾನೆ. ಕಟ್ಟುವ ದಬ್ಬೆಗಳಿಗೆ ಹಿಪ್ಪೆ, ಅತ್ತಿ, ಅರಳಿ, ಮುತ್ತುಗ ಮೊದಲಾದ ಮರಗಳ ತೊಗಟೆಯನ್ನೂ ಬಿದಿರನ್ನೂ ಹೆಸರಿಸುತ್ತಾನೆ. ನಮ್ಮೂರ ಕಡೆಯ ಆ ಹಿರಿಯರು ಬಳಸಿದ ಬಿದಿರಿನ ದಬ್ಬೆ ಅದೇ ಪರಂಪರೆಯದು. ಅವರನ್ನು ನಾನು ಹಳಿಯಲಾರೆ. ಕಣ್ಣಿಗೆ ಕಾಣದ ಮೂಳೆಯನ್ನು ಬೆರಳ ತುದಿಯಿಂದ ಓದುತ್ತಿದ್ದವರು ಅವರು. ಓದಿನಲ್ಲಿ ಒಂದಕ್ಷರ ತಪ್ಪಿತು, ಅಷ್ಟೆ.

ಯೂರೋಪಿನಲ್ಲಿ ಈ ವಿದ್ಯೆಗೆ ಹೆಸರು ಬಂದದ್ದು 1741ರಲ್ಲಿ. ಫ್ರಾನ್ಸಿನ ನಿಕೋಲಾ ಆಂಡ್ರಿ ಎಂಬ ವೈದ್ಯನು, ನೇರ ಎಂಬರ್ಥದ ಮತ್ತು ಮಗು ಎಂಬರ್ಥದ ಎರಡು ಗ್ರೀಕ್ ಶಬ್ದಗಳನ್ನು ಕೂಡಿಸಿ ಆರ್ಥೊಪೀಡಿಯಾ ಎಂಬ ಪದವನ್ನು ಟಂಕಿಸಿದನು. ಅವನ ಗ್ರಂಥದಲ್ಲಿ ಒಂದು ಚಿತ್ರವಿದೆ: ಸೊಟ್ಟಗೆ ಬೆಳೆದ ಎಳೆಯ ಮರವೊಂದನ್ನು ನೆಟ್ಟಗಿನ ಗೂಟಕ್ಕೆ ಹಗ್ಗದಿಂದ ಬಿಗಿದು ಕಟ್ಟಿದೆ. ಇಂದಿಗೂ ಮೂಳೆ ವೈದ್ಯರ ಎಷ್ಟೋ ಸಂಘಗಳಿಗೆ ಆ ಮರವೇ ಲಾಂಛನ. ಅನಂತರ ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಗ್ಲಾಸ್ಗೊ ನಗರದ ವಿಲಿಯಂ ಮೆಕ್ಯೂಯೆನ್ ಎಂಬ ಶಸ್ತ್ರವೈದ್ಯನು, ರಿಕೆಟ್ಸ್ ರೋಗದಿಂದ ಕಾಲು ಸೊಟ್ಟಗಾದ ಬಡಮಕ್ಕಳ ಮೂಳೆಯನ್ನು ಉಳಿಯಿಂದ ಕಡಿದು ನೇರಗೊಳಿಸಿದನು. 1880ರಲ್ಲಿ ಆ ವಿಷಯವಾಗಿ ಪುಸ್ತಕವನ್ನೂ ಬರೆದನು. 1951ರಿಂದೀಚೆಗೆ ಸೈಬೀರಿಯದ ಕುರ್ಗಾನಿನಲ್ಲಿ ಗವ್ರೀಲ್ ಇಲಿಜ಼ಾರೋವ್ ಎಂಬ ವೈದ್ಯರು, ಮೂಳೆಯನ್ನು ಕತ್ತರಿಸಿ, ಹೊರಗಿನಿಂದ ಉಂಗುರ ತಂತಿಗಳ ಚೌಕಟ್ಟು ತೊಡಿಸಿ, ದಿನಕ್ಕೆ ಒಂದು ಮಿಲಿಮೀಟರಿನಂತೆ ಮೆಲ್ಲಮೆಲ್ಲನೆ ಸರಿಸಿದರೆ ನಡುವಿನ ಜಾಗದಲ್ಲಿ ಹೊಸ ಮೂಳೆಯೇ ಬೆಳೆಯುತ್ತದೆಂದು ತೋರಿಸಿಕೊಟ್ಟರು.

ಇವರೆಲ್ಲರ ಮುಂದೆ ಇದ್ದ ತೊಡಕು ಒಂದೇ. ಎಲ್ಲಿ ಕಡಿಯಬೇಕು, ಎಷ್ಟು ಕಡಿಯಬೇಕು, ಯಾವ ಕಡೆಗೆ ತಿರುಗಿಸಬೇಕು? 1895ರಲ್ಲಿ ರಂಟ್‍ಗೆನ್ ಕ್ಷ-ಕಿರಣವನ್ನು ಕಂಡುಹಿಡಿದ ಮೇಲೆ ಮೂಳೆ ಕಣ್ಣಿಗೇನೋ ಕಂಡಿತು. ಆದರೆ ಕಂಡದ್ದು ಅದರ ನೆರಳು. ಗೋಡೆಯ ಮೇಲಿನ ನೆರಳನ್ನು ನೋಡಿ ಮನುಷ್ಯ ನಿಂತಿರುವ ಭಂಗಿಯನ್ನು ಪೂರ್ತಿಯಾಗಿ ಹೇಳಬಲ್ಲೆವೆ? ಸೊಟ್ಟಗೆ ಕೂಡಿದ ಮೂಳೆ ಒಂದೇ ಕಡೆಗೆ ಬಾಗಿರುವುದಿಲ್ಲ. ಪಕ್ಕಕ್ಕೆ ವಾಲಿರುತ್ತದೆ, ಹಿಂದಕ್ಕೆ ಬಾಗಿರುತ್ತದೆ, ಬಟ್ಟೆ ಹಿಂಡಿದಂತೆ ತಿರುಚಿಕೊಂಡೂ ಇರುತ್ತದೆ. ವೈದ್ಯರು ಕ್ಷ-ಕಿರಣದ ಚಿತ್ರದ ಮೇಲೆ ತೆಳುಕಾಗದವಿಟ್ಟು ಮೂಳೆಯ ಅಂಚನ್ನು ಗೆರೆಯೆಳೆದು, ಕತ್ತರಿಯಿಂದ ಕತ್ತರಿಸಿ, ಬೆಣೆಯಾಕಾರದ ಚೂರನ್ನು ತೆಗೆದು ಜೋಡಿಸಿ ನೋಡುತ್ತಿದ್ದರು. ಕಾಗದದಲ್ಲಿ ವಾಲನ್ನು ಅಳೆಯಬಹುದು; ತಿರುಚನ್ನು ಅಳೆಯುವುದು ಹೇಗೆ? ಉಳಿದದ್ದೆಲ್ಲ ಅನುಭವದ ಕೈಗೂ ಕಣ್ಣಿನ ಅಂದಾಜಿಗೂ ಬಿಟ್ಟದ್ದು.

ನೆರಳಿನಿಂದ ಆಕಾರಕ್ಕೆ ದಾಟಿಸಿದ ಸೇತುವೆ ಸಿ.ಟಿ. ಸ್ಕ್ಯಾನ್. ಗಾಡ್‍ಫ್ರೆ ಹೌನ್ಸ್‌ಫೀಲ್ಡ್ ರೂಪಿಸಿದ ಆ ಯಂತ್ರದಲ್ಲಿ ಮೊದಲ ರೋಗಿಯ ಚಿತ್ರ ತೆಗೆದದ್ದು 1971ರಲ್ಲಿ, ಲಂಡನ್ ನಗರದಲ್ಲಿ. ಸೌತೆಕಾಯಿಯನ್ನು ಬಿಲ್ಲೆ ಬಿಲ್ಲೆಯಾಗಿ ಹೆಚ್ಚಿದಂತೆ, ಚಾಕು ಮುಟ್ಟಿಸದೆಯೇ ದೇಹದ ಬಿಲ್ಲೆಗಳ ಚಿತ್ರಗಳನ್ನು ಅದು ಕೊಡುತ್ತದೆ. ಆ ಬಿಲ್ಲೆಗಳನ್ನು ಗಣಕಯಂತ್ರದಲ್ಲಿ ಒಂದರ ಮೇಲೊಂದು ಪೇರಿಸಿದರೆ ಮೂಳೆಯ ಪೂರ್ಣಾಕಾರ ಪರದೆಯ ಮೇಲೆ ಎದ್ದು ನಿಲ್ಲುತ್ತದೆ. ಆದರೂ ಪರದೆಯ ಮೇಲಿನದು ಚಿತ್ರವೇ. ಅದನ್ನು ಕೈಗೆ ತಂದುಕೊಟ್ಟದ್ದು ಈ ಹೊಸ ಮುದ್ರಣ.

ಇಲ್ಲಿ ಒಂದು ಮಾತಿನ ವಿಚಾರ ಹೇಳಲು ಅಪ್ಪಣೆ ಕೊಡಿ. ಅದು ನನ್ನ ಹಳೆಯ ಕಸುಬಿನ ಚಪಲ. ಮೂರು ಆಯಾಮದ ಮುದ್ರಣ ಎಂಬ ಮಾತು ಕೇಳಿದಾಗ, ಮುದ್ರಣವೆಂದರೆ ಕಾಗದದ ಮೇಲೆ ಮಸಿಯಲ್ಲವೆ, ಅದಕ್ಕೆ ಮೂರನೆಯ ಆಯಾಮ ಎಲ್ಲಿಂದ ಬಂತು ಎಂದು ಹಲವರು ಬೆರಗಾಗುತ್ತಾರೆ. ಕನ್ನಡಿಗರು ಬೆರಗಾಗಬೇಕಾಗಿಲ್ಲ. ನಮ್ಮ ಅಚ್ಚು ಎಂಬ ಮಾತಿನಲ್ಲಿ ಎರಡೂ ಅರ್ಥ ಮೊದಲಿನಿಂದಲೇ ಇವೆ. ಪುಸ್ತಕ ಅಚ್ಚಾಗುತ್ತದೆ, ಬೆಲ್ಲವೂ ಅಚ್ಚಾಗುತ್ತದೆ. ಸಂಕ್ರಾಂತಿಯ ಸಕ್ಕರೆ ಅಚ್ಚಿನಲ್ಲಿ ಆನೆ, ಗಿಳಿ, ತೇರು ಮೂಡುತ್ತವೆ. ಮಗನು ತಂದೆಯ ಅಚ್ಚು ಎನ್ನುತ್ತೇವೆ. ಆದರೆ ಒಂದು ವ್ಯತ್ಯಾಸವುಂಟು. ಪುಸ್ತಕದ ಅಚ್ಚಾಗಲಿ ಸಕ್ಕರೆಯ ಅಚ್ಚಾಗಲಿ ಒಂದರಿಂದ ಸಾವಿರವನ್ನು ಒಂದೇ ತೆರನಾಗಿ ತೆಗೆಯುವುದಕ್ಕಾಗಿ ಹುಟ್ಟಿದ್ದು. ಈ ಹೊಸ ಅಚ್ಚಿನ ಹೆಚ್ಚಳವೆಂದರೆ, ಒಬ್ಬೊಬ್ಬನಿಗೆ ಬೇಕಾದದ್ದನ್ನು ಒಂದೊಂದಾಗಿ, ಮತ್ತೊಬ್ಬನಿಗೆ ಹೊಂದದಂತೆ ತೆಗೆಯಬಲ್ಲುದು.

ಇದರ ಚರಿತ್ರೆ ಚಿಕ್ಕದು. ಜಪಾನಿನ ನಗೋಯಾದ ಹಿಡೆಯೊ ಕೊಡಮಾ ಎಂಬುವರು, ಬೆಳಕು ಬಿದ್ದರೆ ಗಟ್ಟಿಯಾಗುವ ದ್ರವವನ್ನು ಪದರ ಪದರವಾಗಿ ಗಟ್ಟಿಮಾಡಿ ಘನವಸ್ತುವನ್ನು ಕಟ್ಟುವ ಬಗೆಯನ್ನು 1981ರಲ್ಲಿ ಪ್ರಕಟಿಸಿದರು. ಅಮೆರಿಕದ ಚಾರ್ಲ್ಸ್ ಹಲ್ ಎಂಬುವರು 1983ರಲ್ಲಿ ಇದೇ ತತ್ತ್ವದಿಂದ ಕಣ್ಣು ತೊಳೆಯುವ ಪುಟ್ಟ ಬಟ್ಟಲೊಂದನ್ನು ಮಾಡಿದರು. 1986ರಲ್ಲಿ ಅವರಿಗೆ ಅದರ ಹಕ್ಕುಪತ್ರ ದೊರೆಯಿತು. ಮುಂದೆ ಬೇರೆ ಬೇರೆ ವಿಧಾನಗಳು ಬಂದವು. ಪ್ಲಾಸ್ಟಿಕ್ಕಿನ ಎಳೆಯನ್ನು ಕರಗಿಸಿ ಚಕ್ಕುಲಿ ಒತ್ತಿದಂತೆ ಸುತ್ತುತ್ತ ಹೋಗುವುದು ಒಂದು. ನೈಲಾನಿನ ಅಥವಾ ಟೈಟೇನಿಯಮ್ ಲೋಹದ ಪುಡಿಯನ್ನು ತೆಳುವಾಗಿ ಹರಡಿ, ಬೇಕಾದ ಕಡೆ ಮಾತ್ರ ಲೇಸರ್ ಕಿರಣದಿಂದ ಬೆಸೆಯುವುದು ಇನ್ನೊಂದು. ಯಾವುದೇ ಆಗಲಿ, ಕೆಲಸ ಗೆದ್ದಲು ಹುತ್ತ ಕಟ್ಟಿದಂತೆ: ಒಂದು ತೆಳುಪದರ, ಅದರ ಮೇಲೆ ಇನ್ನೊಂದು, ಹೀಗೆ ಗಂಟೆಗಟ್ಟಲೆ.

ಇದನ್ನು ನಾನು ಕಣ್ಣಾರೆ ಕಂಡದ್ದು ಹೀಗೆ. ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬರು ಶಾಲೆಯಲ್ಲಿ ಉಪಾಧ್ಯಾಯಿನಿಯಾಗಿದ್ದಾರೆ. ಅವರ ಹನ್ನೊಂದು ವರ್ಷದ ಮಗನಿಗೆ ಎರಡು ವರ್ಷದ ಹಿಂದೆ ಸೈಕಲ್ಲಿನಿಂದ ಬಿದ್ದು ಮೊಣಕೈಯ ಮೇಲೆ ಮುರಿದು, ಸೊಟ್ಟಗೆ ಕೂಡಿತ್ತು. ಒಮ್ಮೆ ಅವರು ಮಗನನ್ನು ಕರೆದುಕೊಂಡು ಮನೆಗೆ ಬಂದಾಗ ಹುಡುಗ ನನಗೆ ನಮಸ್ಕರಿಸಲು ಕೈ ಮುಂದೆ ಮಾಡಿದ. ಅಕ್ಕನ ಕೈಯನ್ನೇ ಕಂಡಂತಾಯಿತು. ಹುಡುಗ ಅರ್ಧ ತೋಳಿನ ಅಂಗಿ ಹಾಕುವುದನ್ನೇ ಬಿಟ್ಟಿದ್ದಾನೆ ಎಂದು ತಾಯಿ ಹೇಳಿದರು. ಬೆಂಗಳೂರಿನ ಆಸ್ಪತ್ರೆಯೊಂದಕ್ಕೆ ಅವರು ಹೊರಟಾಗ ನಾನೂ ಜೊತೆಗೆ ಹೋದೆ.

ಅಲ್ಲಿಯ ವೈದ್ಯರು ಮೇಜಿನ ಮೇಲೆ ಮೂರು ವಸ್ತುಗಳನ್ನಿಟ್ಟರು. ಮೊದಲನೆಯದು ಹುಡುಗನ ಸೊಟ್ಟ ಮೂಳೆಯ ಪಡಿಯಚ್ಚು. ಉಬ್ಬು ತಗ್ಗುಗಳೆಲ್ಲ ಇದ್ದಂತೆ, ಇದ್ದ ಅಳತೆಯಲ್ಲಿ. ಎರಡನೆಯದು ಅದು ಇರಬೇಕಾಗಿದ್ದ ರೂಪ. “ಇರಬೇಕಾದ ರೂಪ ನಿಮಗೆ ಹೇಗೆ ಗೊತ್ತು?” ಎಂದು ಕೇಳಿದೆ. ಅವರು ನಕ್ಕು, “ಅವನ ಇನ್ನೊಂದು ಕೈಯನ್ನೇ ಕೇಳಿದೆವು, ಸಾರ್” ಎಂದರು. ಸರಿಯಿರುವ ಕೈಯನ್ನೂ ಸ್ಕ್ಯಾನ್ ಮಾಡಿ, ಕನ್ನಡಿಯಲ್ಲಿ ಎಡ ಬಲವಾಗಿ ಕಾಣುವಂತೆ ಗಣಕಯಂತ್ರದಲ್ಲಿ ಅದನ್ನು ತಿರುಗಿಸಿ, ಸೊಟ್ಟ ಕೈಯ ಮೇಲೆ ಹೊಂದಿಸಿ ನೋಡುತ್ತಾರೆ. ಎರಡೂ ಎಲ್ಲಿ ಅಗಲುತ್ತವೆಯೋ ಅಲ್ಲಿ ದೋಷ. ಎಷ್ಟು ಅಗಲುತ್ತವೆಯೋ ಅಷ್ಟು ತಿದ್ದುಪಡಿ. ಪಠ್ಯಪುಸ್ತಕದ ಸರಾಸರಿ ಮೂಳೆ ಇಲ್ಲಿ ಪ್ರಮಾಣವಲ್ಲ. ಆ ಹುಡುಗನ ಮೈಯೇ ಪ್ರಮಾಣ. ಪಾಠಾಂತರಗಳನ್ನು ಹೋಲಿಸಿ ಗ್ರಂಥಸಂಪಾದನೆ ಮಾಡುವವರಿಗೆ ಈ ಕ್ರಮ ಅಪರಿಚಿತವಲ್ಲ. ಕೆಟ್ಟ ಪ್ರತಿಯ ಪಕ್ಕದಲ್ಲಿ ಒಳ್ಳೆಯ ಪ್ರತಿಯನ್ನಿಟ್ಟು ಓದುವುದು ನಾವೂ ಮಾಡಿದ ಕೆಲಸವೇ.

ಮೂರನೆಯ ವಸ್ತು ಹೆಬ್ಬೆಟ್ಟಿನಷ್ಟು ದಪ್ಪದ ಒಂದು ಬಿಳಿಯ ತುಂಡು. ನೋಡಲು ಏನೂ ಅಲ್ಲ. ಆದರೆ ಇಡೀ ವಿದ್ಯೆಯ ಸಾರವಿರುವುದು ಅದರಲ್ಲಿ. ಅದರ ಒಳಮೈ ಮೂಳೆಯ ಒಂದು ಭಾಗದ ಉಬ್ಬುತಗ್ಗುಗಳಿಗೆ ಸರಿಯಾಗಿ ಎದುರುಬದುರಾಗಿ ರೂಪಿತವಾಗಿದೆ. ನನ್ನ ಕೈಗೆ ಕೊಟ್ಟು, ಮೂಳೆಯ ಮೇಲೆ ಕೂರಿಸಿ ನೋಡಿ ಎಂದರು. ಅತ್ತಿತ್ತ ಸರಿಸಿದೆ, ಒಂದೇ ಒಂದು ಜಾಗದಲ್ಲಿ ಡಬ್ಬಿಗೆ ಮುಚ್ಚಳ ಕೂತಂತೆ ಕೂತಿತು. ಬೇರೆಲ್ಲಿಯೂ ಕೂರಲೊಲ್ಲದು. ಅದರಲ್ಲಿ ಎರಡು ಸೀಳುಗಳೂ ಕೆಲವು ತೂತುಗಳೂ ಇವೆ. ತೂತುಗಳಲ್ಲಿ ತಂತಿ ತೂರಬೇಕು, ಸೀಳುಗಳಲ್ಲಿ ಗರಗಸ ಆಡಬೇಕು. ಗರಗಸ ಹೋಗಬೇಕಾದ ದಿಕ್ಕನ್ನೂ ಕೋನವನ್ನೂ ಆ ಸೀಳೇ ನಿರ್ಣಯಿಸುತ್ತದೆ. ಎರಡು ಕೊಯ್ತಗಳ ನಡುವೆ ಮೂಳೆಯ ಹೊರಮಗ್ಗುಲಿನಿಂದ ಒಂದು ಬೆಣೆ ಹೊರಬರುತ್ತದೆ. ಉಳಿದ ಎರಡು ತುದಿಗಳನ್ನು ಕೂಡಿಸಿದರೆ ವಾಲೂ ತಿರುಚೂ ಒಟ್ಟಿಗೆ ಸರಿಯಾಗುತ್ತವೆ. ಇಂಥ ವೈಯಕ್ತಿಕ ಮಾರ್ಗದರ್ಶಿಗಳ ಕಲ್ಪನೆಯನ್ನು ಜರ್ಮನಿಯ ಆಹೆನ್ ನಗರದ ಕ್ಲೌಸ್ ರಾಡರ್ಮಾಖರ್ ಮತ್ತು ಸಂಗಡಿಗರು 1990ರ ದಶಕದಲ್ಲಿಯೇ ಬೆಳೆಸಿದರು. ಜಪಾನಿನ ಒಸಾಕಾದ ವೈದ್ಯರು ಕೈಯ ಮೂಳೆಗಳು ಸೊಟ್ಟಗೆ ಕೂಡಿದ 22 ರೋಗಿಗಳಿಗೆ ಈ ಕನ್ನಡಿಯ ಕ್ರಮದಿಂದ ಶಸ್ತ್ರಚಿಕಿತ್ಸೆ ಮಾಡಿ, ಫಲವನ್ನು 2008ರಲ್ಲಿ ಪ್ರಕಟಿಸಿದರು. ಅವರಲ್ಲಿ 10 ಮಂದಿಯದು ನನ್ನ ಅಕ್ಕನ ಕೈಯಂಥದೇ ಮೊಣಕೈ.

ಶಸ್ತ್ರಕ್ರಿಯೆಗೆ ಮುಂಚೆ ವೈದ್ಯರು ಪ್ಲಾಸ್ಟಿಕ್ ಮೂಳೆಯೊಂದನ್ನು ನಿಜವಾಗಿಯೇ ಕೊಯ್ದು, ಬೆಣೆ ತೆಗೆದು, ಕೂಡಿಸಿ ನೋಡಿದ್ದರು. ಲೋಹದ ಪಟ್ಟಿಯನ್ನು ಆ ಮೂಳೆಯ ಮೇಲೆಯೇ ಇಟ್ಟು ಬಾಗಿಸಿ ಸಿದ್ಧಮಾಡಿಕೊಂಡಿದ್ದರು. ಆಗ ನನಗೆ ಥಟ್ಟನೆ ಹೊಳೆದದ್ದು ಕರಡಚ್ಚು ಎಂಬ ಮಾತು. ಪುಸ್ತಕ ಅಚ್ಚಾಗುವ ಮೊದಲು ಕರಡಚ್ಚು ಬರುತ್ತದೆ; ತಪ್ಪೆಲ್ಲ ಅಲ್ಲಿ ಆಗಬೇಕು, ಅಲ್ಲಿಯೇ ತಿದ್ದಿಹೋಗಬೇಕು. ಪುಸ್ತಕದಲ್ಲಿ ಉಳಿದ ತಪ್ಪಿಗಾದರೂ ಕೊನೆಯಲ್ಲಿ ಒಪ್ಪೋಲೆ ಹಚ್ಚಬಹುದು. ಮನುಷ್ಯನ ಮೈಯಲ್ಲಿ ಉಳಿದ ತಪ್ಪಿಗೆ ಒಪ್ಪೋಲೆಯಿಲ್ಲ, ಸೆರಗು ಮಾತ್ರ.

ಮೈಯ ಹೊರಗೆ ತಪ್ಪು ಮಾಡಿ ಕಲಿಯಬೇಕೆಂಬ ವಿವೇಕವೂ ಹಳೆಯದೇ. ಸುಶ್ರುತನು ಸೂತ್ರಸ್ಥಾನದಲ್ಲಿ ಇದಕ್ಕೆ ಯೋಗ್ಯಾ ಎಂದು ಹೆಸರಿಟ್ಟು ಒಂದು ಅಧ್ಯಾಯವನ್ನೇ ಮೀಸಲಿಟ್ಟಿದ್ದಾನೆ. ಶಾಸ್ತ್ರವನ್ನೆಲ್ಲ ಓದಿದ್ದರೂ ಕೈಪಳಗದ ಶಿಷ್ಯ ಕೆಲಸಕ್ಕೆ ಅಯೋಗ್ಯನೆಂದು ಹೇಳಿ, ಕುಂಬಳ, ಸೋರೆ, ಸೌತೆಗಳಂಥ ಕಾಯಿಗಳ ಮೇಲೆ ಕೊಯ್ಯುವುದನ್ನೂ, ಬೊಂಬೆಯ ಮೇಲೆ ಕಟ್ಟು ಕಟ್ಟುವುದನ್ನೂ ಅಭ್ಯಾಸ ಮಾಡಿಸಬೇಕೆನ್ನುತ್ತಾನೆ. ಆದರೆ ಅವನ ಕುಂಬಳಕಾಯಿ ಮುಂದೆ ಬರಲಿರುವ ಎಲ್ಲ ರೋಗಿಗಳ ಪರವಾಗಿ ನಿಂತದ್ದು. ಇಂದಿನ ಅಚ್ಚು ನಾಳೆ ಮೇಜಿನ ಮೇಲೆ ಮಲಗುವ ಈ ಒಬ್ಬ ಹುಡುಗನ ಪರವಾಗಿ ಮಾತ್ರ ನಿಲ್ಲುತ್ತದೆ. ನನ್ನ ಮಟ್ಟಿಗೆ ಈ ವಿದ್ಯೆಯ ನಿಜವಾದ ಹೆಚ್ಚುಗಾರಿಕೆ ಇದೇ. ಯಂತ್ರವು ಮೂಳೆಯನ್ನು ನೇರಮಾಡುವುದಿಲ್ಲ. ನೇರಮಾಡುವುದು ವೈದ್ಯರ ಕೈಯೇ. ಆ ಕೈಗೆ ಒಮ್ಮೆ ತಪ್ಪುವ ಸ್ವಾತಂತ್ರ್ಯವನ್ನು ಯಂತ್ರ ಒದಗಿಸಿಕೊಡುತ್ತದೆ.

ಇಷ್ಟು ಹೇಳಿ ನಿಲ್ಲಿಸಿದರೆ ಜಾಹೀರಾತಾದೀತು. ಇದಕ್ಕೆ ಮಿತಿಗಳಿವೆ. ಪ್ಲಾಸ್ಟಿಕ್ಕಿನಲ್ಲಿ ಮೂಡುವುದು ಮೂಳೆ ಮಾತ್ರ; ಅದನ್ನು ಸುತ್ತಿರುವ ನರ, ರಕ್ತನಾಳ, ಸ್ನಾಯುಗಳು ಆ ಅಚ್ಚಿನಲ್ಲಿಲ್ಲ. ಮಾರ್ಗದರ್ಶಿಯು ಮೂಳೆಯ ಮೇಲೆ ಕೂರುವ ಜಾಗದಲ್ಲಿ ಒಂದಿಷ್ಟು ಮಾಂಸ ಸಿಕ್ಕಿಕೊಂಡರೂ ಅದು ಓರೆಯಾಗುತ್ತದೆ. ಓರೆಯಾದ ಮಾರ್ಗದರ್ಶಿ ತಪ್ಪನ್ನೇ ಬಹು ನಿಖರವಾಗಿ ಮಾಡಿಸುತ್ತದೆ. ಸ್ಕ್ಯಾನಿನ ವಿಕಿರಣವನ್ನು ಮಕ್ಕಳಿಗೆ ಕಾರಣವಿಲ್ಲದೆ ತಾಗಿಸಬಾರದು. ಯೋಜನೆಗೆ ದಿನಗಳು ಬೇಕು, ಹಣವೂ ಬೇಕು. ಸಾದಾ ವಾಲಿನ ಮೂಳೆಯನ್ನು ನುರಿತ ಕೈ ಇದಾವುದೂ ಇಲ್ಲದೆ ಚೆನ್ನಾಗಿಯೇ ತಿದ್ದಬಲ್ಲುದು. ಮಣಿಕಟ್ಟಿನ ಬಳಿ ಸೊಟ್ಟಗೆ ಕೂಡಿದ ಮೂಳೆಗಳ ವಿಷಯದಲ್ಲಿ ಹಲವು ಆಸ್ಪತ್ರೆಗಳು ಸೇರಿ 40 ರೋಗಿಗಳ ಮೇಲೆ ನಡೆಸಿ 2018ರಲ್ಲಿ ಪ್ರಕಟಿಸಿದ ಪರೀಕ್ಷೆಯೊಂದಿದೆ. ಮೂರು ಆಯಾಮದ ಯೋಜನೆಯಿಂದ ಮೂಳೆಯ ನಿಲುವು ಹೆಚ್ಚು ನಿಖರವಾಯಿತು. ಆದರೆ ನೋವು ಎಷ್ಟು ತಗ್ಗಿತು, ಕೈ ಎಷ್ಟು ಒದಗಿತು ಎಂದು ರೋಗಿಗಳನ್ನೇ ಕೇಳಿದಾಗ, ಹಳೆಯ ಕ್ರಮಕ್ಕೂ ಹೊಸ ಕ್ರಮಕ್ಕೂ ಖಚಿತವಾಗಿ ಹೇಳುವಷ್ಟು ಅಂತರ ಕಾಣಲಿಲ್ಲ. ಚಿತ್ರದಲ್ಲಿ ನೇರವಾದದ್ದೆಲ್ಲ ಬಾಳಿನಲ್ಲಿಯೂ ಅಷ್ಟೇ ನೇರವಾಗುತ್ತದೆಂದು ನಂಬುವಂತಿಲ್ಲ.

ಇನ್ನೊಂದು ಮಾತು. ಸರಿಯಿರುವ ಕೈ ಕೆಟ್ಟ ಕೈಗೆ ಗುರುವಾಗುವುದು ಒಂದು ಕೈಯಾದರೂ ಸರಿಯಿದ್ದಾಗ. ಕೋಲಾರ, ಚಿಕ್ಕಬಳ್ಳಾಪುರ, ಪಾವಗಡದ ಕಡೆ ಫ್ಲೋರೈಡಿನ ಅಂಶ ಹೆಚ್ಚಿರುವ ಕೊಳವೆಬಾವಿಯ ನೀರು ಕುಡಿದು ಹಲ್ಲು ಕಂದಿದವರನ್ನೂ, ಮೂಳೆ ಕೆಟ್ಟವರನ್ನೂ ನೀವು ಕಂಡಿರಬಹುದು. ಅಲ್ಲಿ ಎರಡು ಕಾಲುಗಳೂ ಒಟ್ಟಿಗೆ ಬಾಗುತ್ತವೆ. ಕನ್ನಡಿಯಲ್ಲಿ ತಿರುಗಿಸಿ ನೋಡಲು ಒಳ್ಳೆಯ ಪ್ರತಿಯೇ ಇಲ್ಲ. ಸೊಂಟ, ಮಂಡಿ, ಹರಡುಗಳ ನಡುಬಿಂದುಗಳನ್ನು ಗೆರೆಯೆಳೆದು ಲೆಕ್ಕಹಾಕುವ ಬೇರೆ ಕ್ರಮವನ್ನು ವೈದ್ಯರು ಬಲ್ಲರು. ಆದರೆ ಅಂಥ ಕಡೆ ಮೊದಲು ತಿದ್ದಬೇಕಾದದ್ದು ಮೂಳೆಯನ್ನಲ್ಲ, ನೀರನ್ನು. ಹಾಗೆಯೇ ಬಿದ್ದ ಮಗುವಿನ ಕೈಯನ್ನು ಅಂದೇ ಕ್ಷ-ಕಿರಣದಲ್ಲಿ ನೋಡಿ ಸರಿಯಾಗಿ ಕೂಡಿಸಿದರೆ, ಎರಡು ವರ್ಷದ ಮೇಲೆ ಅದಕ್ಕೆ ಯಾವ ಅಚ್ಚೂ ಬೇಕಾಗುವುದಿಲ್ಲ.

ಹುಡುಗನ ಶಸ್ತ್ರಚಿಕಿತ್ಸೆ ಚೆನ್ನಾಗಿ ನಡೆಯಿತು. ಕೆಲವು ವಾರ ಕಟ್ಟಿನಲ್ಲಿದ್ದು, ಅನಂತರ ಕೈ ಮಡಿಸುವ ಚಾಚುವ ಅಭ್ಯಾಸ ನಡೆಸಿ, ಆರು ತಿಂಗಳ ಮೇಲೆ ಅವನು ಅರ್ಧ ತೋಳಿನ ಅಂಗಿಯಲ್ಲಿ ನಮ್ಮ ಮನೆಗೆ ಬಂದ. ತಾಯಿ ಅವನ ಹಳೆಯ ಮೂಳೆಯ ಅಚ್ಚನ್ನು ನನಗೆ ತೋರಿಸಲೆಂದು ತಂದಿದ್ದರು. ಅದನ್ನು ಒಂದು ವಾರದ ಮಟ್ಟಿಗೆ ಕೇಳಿ ಇಟ್ಟುಕೊಂಡೆ.

ಆ ವಾರ ಅಕ್ಕನ ಊರಿಗೆ ಹೋಗಿದ್ದೆ. ಅವಳಿಗೆ ಈಗ ಎಪ್ಪತ್ತಮೂರು. ಅವಳ ಕೈಯನ್ನು ನೋಡಿದ್ದ ವೈದ್ಯರು, ಈ ವಯಸ್ಸಿನಲ್ಲಿ ಮೂಳೆಯ ಗೊಡವೆ ಬೇಡ, ನರಕ್ಕೆ ಮಾತ್ರ ಚಿಕಿತ್ಸೆ ಸಾಕು ಎಂದಿದ್ದರು. ಅವಳಿಗೂ ಅದೇ ಬೇಕಾಗಿತ್ತು. ಜಗಲಿಯಲ್ಲಿ ಕುಳಿತು ಅವರೆಕಾಯಿ ಸುಲಿಯುತ್ತಿದ್ದವಳ ಕೈಗೆ ಆ ಬಿಳಿಯ ಮೂಳೆಯನ್ನು ಕೊಟ್ಟು, ಇದು ಇಂಥ ಹುಡುಗನದು, ನಿನ್ನ ಕೈಯೂ ಒಳಗೆ ಹೀಗೆಯೇ ಇರುವುದು ಎಂದೆ. ಅವಳು ಕನ್ನಡಕ ಸರಿಮಾಡಿಕೊಂಡು ಅದನ್ನು ತಿರುವಿ ತಿರುವಿ ನೋಡಿದಳು. ವಾಲಿದ ಕಡೆ ಹೆಬ್ಬೆರಳಿನಿಂದ ಸವರಿದಳು. ಕೈಯಲ್ಲಿ ಹಿಡಿದು ನೋಡಿದರೆ ಆ ವಾಲು ನಿಜವಾಗಿಯೂ ಬಹಳ ಚಿಕ್ಕದು.

“ಇಷ್ಟೇ ಏನೋ?” ಎಂದಳು. “ಇಷ್ಟಕ್ಕೇನೋ ನಾನು ಇಷ್ಟು ವರ್ಷ ಸೆರಗು ಹೊದ್ದದ್ದು?”

ನನಗೆ ಉತ್ತರ ಹೊಳೆಯಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಅವಳೇ, “ಆ ಮಗುವಿನ ಕೈ ಈಗ ಹೇಗಿದೆ?” ಎಂದು ಕೇಳಿದಳು.

ನೆಟ್ಟಗಿದೆ ಎಂದೆ. ಅವಳು ಮೂಳೆಯನ್ನು ನನಗೆ ಹಿಂತಿರುಗಿಸಿ, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಮತ್ತೆ ಅವರೆಕಾಯಿ ಸುಲಿಯತೊಡಗಿದಳು.